ರಾಧಾಮಣಿಯ ಹೆಸರಲ್ಲಿ ಇನ್ಯಾರದೋ ಫೋನು

ಅಕ್ಕಂದಿರೇ, ತಂಗಿಯರೇ, ಮೊದಲೇ ಹೇಳಿಬಿಡುತ್ತೇನೆ. ಈ ಕಥೆ ಕೇಳಿ ನಿಮಗೆ ಹೆದರಿಕೆ ಆದರೆ ಆಗಲಿ. ನನಗೂ ಆಗಿತ್ತು. ಹೆದರಿದ ಮೇಲೆ ಏನು ಮಾಡಬೇಕು ಅನ್ನುವುದು ಗೊತ್ತಿಲ್ಲದೆ ಒಂದು ಮನೆ ಮುರಿದು ಬೀಳುವುದರಲ್ಲಿತ್ತು. ಅದಕ್ಕೇ ಹೇಳುತ್ತಿದ್ದೇನೆ.

ನಾನು ಸರಸಮ್ಮ, ಹೊಂಗನೂರಿನವಳು. ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘ ನೋಡಿಕೊಳ್ಳುತ್ತೇನೆ. ಬಾಯಿ ಜೋರು ಅಂತ ಊರಲ್ಲಿ ಹೆಸರಿದೆ. ಇರಲಿ ಬಿಡಿ, ಮೆತ್ತಗೆ ಹೇಳಿದರೆ ನಮ್ಮ ಜನ ಕೇಳುವುದಿಲ್ಲ.

ನಮ್ಮ ಪಕ್ಕದ ಮನೆ ವರಲಕ್ಷ್ಮಮ್ಮನದು. ಮಗ ಲೋಕೇಶ್, ಸೊಸೆ ರಾಧಾಮಣಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಇಲ್ಲದ ದಿನಗಳಲ್ಲಿ ರಾಧಾಮಣಿ ಬಿಡದಿ ಕಡೆಯ ಒಂದು ಗಾರ್ಮೆಂಟ್ಸ್‌ಗೆ ಹೊಲಿಯಲು ಹೋಗುತ್ತಾಳೆ. ಆ ಕಡೆ ಹೊಸ ಹೊಸ ಫ್ಯಾಕ್ಟರಿಗಳು ಎದ್ದ ಮೇಲೆ, ಬೆಳಿಗ್ಗೆ ವ್ಯಾನು ನಮ್ಮೂರ ಬಸ್‌ಸ್ಟಾಂಡಿಗೇ ಬಂದು ಹೆಂಗಸರನ್ನು ಹತ್ತಿಸಿಕೊಂಡು ಹೋಗುತ್ತದೆ.

ಆವತ್ತು ಸೋಮವಾರ. ಹೆಂಗಸರೆಲ್ಲ ಡಬ್ಬಿ ಹಿಡಿದು ವ್ಯಾನಿಗೆ ಕಾಯುತ್ತಿದ್ದರು. ನಾನು ಹಾಲು ಹಾಕಿ ವಾಪಸ್ ಬರುತ್ತಿದ್ದೆ. ಒಂದು ಮೋಟಾರ್ ಬೈಕು ಬಂದು ನಿಂತಿತು. ಇಬ್ಬರು ಪೊಲೀಸರು.

"ರಾಧಾಮಣಿ ಅಂದ್ರೆ ಯಾರಮ್ಮಾ?"

"ನಾನೇ ಸಾರ್," ಅಂದಳು ಹುಡುಗಿ.

ಅವರು ಒಂದು ಫೋನ್ ನಂಬರ್ ಓದಿದರು. "ಇದು ನಿಂದಾ?"

"ಅಲ್ಲ ಸಾರ್. ನಂದು ಬ್ಯಾರೆ ನಂಬರು."

"ನಿನ್ ಹೆಸರಲ್ಲೇ ಐತಲ್ಲಮ್ಮಾ! ನಿನ್ ಫೋಟೋ, ನಿನ್ ವೋಟರ್ ಕಾರ್ಡು. ಈ ನಂಬರಿಂದ ಮಾಗಡಿ ಕಡೆ ಒಂದು ಹುಡುಗಿ ಮನೆಗೆ ದಿನಾ ಫೋನ್ ಮಾಡಿ ಬೆದರಿಸವ್ರೆ. ಆ ಹುಡುಗಿ ಮದುವೆ ನಿಂತೋಗೈತೆ. ಮಾತಾಡೋನು ಗಂಡಸು. ಸಿಮ್ಮು ಯಾವನಿಗೆ ತೆಗ್ದುಕೊಟ್ಟಿದ್ದೀಯ, ಹೇಳು."

ರಾಧಾಮಣಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ಅಕ್ಕಪಕ್ಕ ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ದೂರ ಸರಿದರು. ನಿನ್ನೆಯವರೆಗೆ ಇವಳ ಡಬ್ಬಿಯಿಂದ ಉಪ್ಪಿನಕಾಯಿ ತೆಗೆದುಕೊಂಡು ತಿಂದವರು! "ನಾಳೆ ಬೆಳಿಗ್ಗೆ ಸ್ಟೇಷನ್‌ಗೆ ಬಾ" ಅಂತ ಹೇಳಿ ಪೊಲೀಸರು ಹೋದರು. ವ್ಯಾನು ಬಂತು, ಇವಳನ್ನು ಬಿಟ್ಟು ಎಲ್ಲರನ್ನೂ ಹತ್ತಿಸಿಕೊಂಡು ಹೋಯಿತು.

ನಾನು ಅವಳ ಕೈ ಹಿಡಿದು ಮನೆಗೆ ಕರೆತಂದೆ.

ಸುದ್ದಿ ನಮಗಿಂತ ಮುಂಚೆ ಮನೆ ಸೇರಿತ್ತು. ವರಲಕ್ಷ್ಮಮ್ಮ ಜಗುಲಿ ಮೇಲೆ ಕೂತು ಎದೆ ಹಿಡಿದುಕೊಂಡಿದ್ದಳು. "ನಮ್ ಮನೆ ಮಾನ ಬೀದಿಗ್ ಬಂದ್ಬುಟ್ತಲ್ಲೇ ತಾಯಿ! ನಮ್ ವಂಶದಾಗೆ ಯಾರೂ ಸ್ಟೇಷನ್ ಮೆಟ್ಲು ಹತ್ತಿರ್ನಿಲ್ಲ!"

ಲೋಕೇಶ್ ಹಿಪ್ಪುನೇರಳೆ ತೋಟದಿಂದ ಓಡಿ ಬಂದಿದ್ದ. ಹೆಂಡತಿಯನ್ನು ನೋಡಿದ. ಕೇಳಿದ, "ದಿಟ ಹೇಳು ರಾಧಾ. ಯಾರದು ಆ ಗಂಡಸು?"

ಅಯ್ಯೋ, ಆ ಮಾತು! ಪೊಲೀಸರು ಕೇಳಿದಾಗ ಅಳದವಳು ಆಗ ಅತ್ತಳು. ಗೋಡೆಗೆ ಒರಗಿ ಕುಸಿದು ಕೂತು ಅತ್ತಳು. ನನಗೆ ಲೋಕೇಶನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಅವನ ಮುಖದಲ್ಲೂ ನೆತ್ತರಿರಲಿಲ್ಲ. ಅವನಿಗೂ ಹೆದರಿಕೆಯೇ.

ಅಷ್ಟರಲ್ಲಿ ಗಂಗಹನುಮಯ್ಯ ಬಂದರು. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವರು. ಊರಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಬುದ್ಧಿ ಹೇಳಲು ಹಾಜರು.

"ನೋಡ್ಲಾ ಲೋಕೇಶ, ಇವಳನ್ನ ಈಗಿಂದೀಗ್ಲೇ ತೌರಿಗೆ ಕಳ್ಸು. ಕುದೂರು ಕಡೆ ಅಲ್ವಾ? ಒಂದೆಲ್ಡು ತಿಂಗ್ಳು ಅಲ್ಲೇ ಇರ್ಲಿ. ಪೊಲೀಸ್ನೋರು ಬಂದ್ರೆ ಇಲ್ಲ ಅನ್ನಿ. ನಾನು ಯಾರ್ನಾರ ಹಿಡ್ದು ಒಸಿ ಕೈ ಬಿಸಿ ಮಾಡಿ ಮುಚ್ಚಾಕುಸ್ತೀನಿ."

ವರಲಕ್ಷ್ಮಮ್ಮ ಆಗಲೇ ಒಳಗೆ ಹೋಗಿ ಸೊಸೆಯ ಸೀರೆ ಬ್ಯಾಗಿಗೆ ತುಂಬುತ್ತಿದ್ದಳು.

ನಾನು ಬ್ಯಾಗು ಕಿತ್ತುಕೊಂಡೆ. "ನಿಮ್ಗೆ ಬುದ್ಧಿ ಐತಾ? ಓಡೋದ್ರೆ ತಪ್ಪು ಮಾಡವ್ಳೆ ಅಂತ ನೀವೇ ಬರ್ಕೊಟ್ಟಂಗಾಯ್ತದೆ! ಒಸಿ ತಡೀರಿ. ನಾನೊಬ್ರಿಗೆ ಫೋನ್ ಮಾಡ್ತೀನಿ."

ಫೋನ್ ಮಾಡಿದ್ದು ಕೆಹಕಶಾನ್‌ಗೆ. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಮಕ್ಬೂಲ್ ಸಾಹೇಬರ ಮಗಳು. ಲಾ ಓದಿ ಅಲ್ಲೇ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಾಳೆ. ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯ ಕಡೆಯಿಂದ ಒಮ್ಮೆ ನಮ್ಮ ಸಂಘದ ಮೀಟಿಂಗಿಗೆ ಬಂದಿದ್ದಳು. ಆವತ್ತು ನಾವೆಲ್ಲ ಕಾಫಿ ಕುಡಿದು, ಆಕಳಿಸಿ, ಎದ್ದು ಬಂದಿದ್ದೆವು. ಈಗ ನಾನು ಕರೆದ ಕೂಡಲೇ ಅವಳು ಮಧ್ಯಾಹ್ನದ ಬಸ್ಸಿಗೆ ಬಂದುಬಿಟ್ಟಳು.

ಬಂದವಳೇ ರಾಧಾಮಣಿಯ ಪಕ್ಕ ನೆಲದ ಮೇಲೆ ಕೂತಳು. "ತಂಗೀ, ನೀನು ತಪ್ಪು ಮಾಡಿಲ್ಲ ಅಂದ್ರೆ ನಾನು ನಂಬ್ತೀನಿ. ಈಗ ನೆನಪು ಮಾಡ್ಕೊ. ನಿನ್ನ ಫೋಟೋ, ವೋಟರ್ ಕಾರ್ಡಿನ ಜೆರಾಕ್ಸು ಯಾರ್ಯಾರಿಗೆ ಕೊಟ್ಟಿದ್ದೀಯ?"

ರಾಧಾಮಣಿ ಕಣ್ಣೊರೆಸಿಕೊಂಡು ಯೋಚಿಸಿದಳು. ಹಾಗೆ ಯೋಚಿಸುತ್ತಲೇ ಅತ್ತೆಯ ಮುಖ ನೋಡಿದಳು. "ಆ ಏಜೆನ್ಸಿಯೋನು ಬಂದಿರ್ನಿಲ್ವಾ ಅತ್ತೆ? ಹುಳ ಹಣ್ಣಾಗಿದ್ದಾಗ?"

ನಡೆದದ್ದು ಹೀಗೆ. ಫ್ಯಾಕ್ಟರಿಗೆ ಹೆಂಗಸರನ್ನು ಸೇರಿಸುವ ಏಜೆನ್ಸಿ ಒಂದಿದೆ. ಹೋದ ಬೆಳೆಯಲ್ಲಿ ಅವರು ಎಲ್ಲರನ್ನೂ ಆಫೀಸಿಗೆ ಬಂದು ಕಾಗದ ಕೊಡಿ ಅಂದಿದ್ದರು. ಆದರೆ ಆಗ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ರೇಷ್ಮೆ ಬೆಳೆಯುವವರಿಗೆ ಗೊತ್ತು, ಆ ಹೊತ್ತಿನಲ್ಲಿ ಮನೆಯಲ್ಲಿ ಹೆರಿಗೆಯಾದರೂ ಹುಳು ಬಿಟ್ಟು ಏಳುವ ಹಾಗಿಲ್ಲ. ಹಣ್ಣಾದ ಹುಳುವನ್ನು ಆಯ್ದು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ, ಬಿಡಬೇಕು. ಹೊತ್ತು ತಪ್ಪಿದರೆ ಬೆಳೆ ಹೋಯಿತು. ಅದಕ್ಕೆ ಏಜೆನ್ಸಿಯವನೇ ಬ್ಯಾಗು ನೇತುಹಾಕಿಕೊಂಡು ಮನೆ ಮನೆಗೆ ಬಂದ.

ವರಲಕ್ಷ್ಮಮ್ಮ ಅವನನ್ನು ಬಾಗಿಲಲ್ಲೇ ತಡೆದಿದ್ದಳು. "ಒಳೀಕ್ ಬರ್ಬ್ಯಾಡ ಕಣಪ್ಪಾ, ಹುಳದ ಮನೆ, ಎಲ್ಲೆಲ್ಲಿ ಮೆಟ್ಕಂಡ್ ಬಂದಿದ್ದೀಯೋ!" ಅಂತ ಗದರಿ, ಸೊಸೆಯ ಜೆರಾಕ್ಸು, ಫೋಟೋ ಎಲ್ಲ ಹೊರಗೆ ಕೊಟ್ಟಿದ್ದಳು. ಇರುವಷ್ಟೂ ಕೊಟ್ಟಿದ್ದಳು. ಅವನು "ಎರಡು ಸೆಟ್ ಹೆಚ್ಚಿಗೆ ಇರ್ಲಿ ಬುಡಿ" ಅಂದಿದ್ದ. ರಾಧಾಮಣಿ ಹೊರಗೆ ಬಂದು, ಅವನು ಬೆರಳು ತೋರಿಸಿದ ಕಡೆಯೆಲ್ಲ ಬರೀ ಜೆರಾಕ್ಸಿನ ಮೇಲೆ ಸೈನ್ ಹಾಕಿ, ಒಳಗೆ ಓಡಿದ್ದಳು.

ಕೆಹಕಶಾನ್ ತಲೆ ಮೇಲೆ ಕೈ ಇಟ್ಟುಕೊಂಡಳು. "ಅಮ್ಮಾ, ಹುಳಕ್ಕೆ ರೋಗ ತಗಲುತ್ತೆ ಅಂತ ಅವನ ಕಾಲು ಹೊಸ್ತಿಲು ದಾಟೋಕೆ ಬಿಡಲಿಲ್ಲ. ಸೊಸೆ ಹೆಸರು, ಊರು, ಮುಖ, ಸೈನು ಎಲ್ಲಾ ಅವನ ಕೈಗೆ ಕೊಟ್ಟು ಕಳಿಸಿದ್ರಾ?"

ವರಲಕ್ಷ್ಮಮ್ಮ ಸಿಟ್ಟಿಗೆದ್ದಳು. "ಜೆರಾಕ್ಸ್ ತಾನೆ ಕಣವ್ವಾ? ಅಸಲು ನಮ್ ಪೆಟ್ಟಿಗೇಲೇ ಐತೆ!"

"ಅಸಲು ಪೆಟ್ಟಿಗೆಯಲ್ಲಿದ್ದರೆ ಏನು ಬಂತು? ಅಂಗಡಿಯವನು ಸಿಮ್ ಕೊಡೋದು ಜೆರಾಕ್ಸ್ ನೋಡಿ. ಈಗ ಆ ಜೆರಾಕ್ಸನ್ನೂ ಯಾರೂ ಇಟ್ಕೊಳ್ಳಲ್ಲ, ಕಂಪ್ಯೂಟರಿಗೆ ಹಾಕಿಬಿಡ್ತಾರೆ. ಅಲ್ಲಿಂದ ಒಂದು ಗಳಿಗೆಯಲ್ಲಿ ಸಾವಿರ ಜನದ್ದು ಕದೀಬಹುದು. ಕದ್ದಿದ್ದು ನಿಮಗೆ ಗೊತ್ತೂ ಆಗಲ್ಲ. ಪೆಟ್ಟಿಗೆ ಬೀಗ ಹಾಗೇ ಇರುತ್ತೆ."

ಗಂಗಹನುಮಯ್ಯ ಗೊಣಗಿದರು. "ಅದೆಲ್ಲ ಸರಿ ಕಣವ್ವ. ಪೊಲೀಸ್ರು ಇವನ್ನೆಲ್ಲ ಕೇಳ್ತಾರಾ? ಮೊದ್ಲು ಎತ್ತಾಕಂಡ್ ಹೋಯ್ತಾರೆ."

"ಹಾಗೆಲ್ಲ ಆಗಲ್ಲ ಅಜ್ಜಾ. ಬರೀ ವಿಚಾರಣೆಗೆ, ಸಾಕ್ಷಿಗೆ ಅಂತ ಹೆಂಗಸರನ್ನ ಸ್ಟೇಷನ್‌ಗೆ ಕರೆಸೋ ಹಾಗಿಲ್ಲ. ಅವರೇ ಮನೆಗೆ ಬಂದು ಕೇಳಬೇಕು, ಕಾನೂನೇ ಹಾಗಿದೆ. ಆರೋಪ ಬಂದರೂ ಕತ್ತಲಾದ ಮೇಲೆ ಹೆಂಗಸನ್ನ ಅರೆಸ್ಟ್ ಮಾಡೋ ಹಾಗಿಲ್ಲ. ತೀರಾ ಬೇಕೇ ಬೇಕು ಅಂದ್ರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು, ಹೆಂಗಸು ಪೊಲೀಸ್ ಆಫೀಸರೇ ಬರಬೇಕು. ಆದರೆ ನಾವು ಅವರು ಕರೆಯೋ ತನಕ ಯಾಕೆ ಕಾಯಬೇಕು? ನಾವೇ ಮೊದಲು ಹೋಗಿ ಕಂಪ್ಲೇಂಟ್ ಕೊಡೋಣ. ಇಲ್ಲಿ ಮೋಸ ಹೋಗಿರೋಳು ರಾಧಾಮಣಿ."

"ವಕೀಲ್ರ ಫೀಜು?" ಅಂದ ಲೋಕೇಶ್ ಮೆಲ್ಲಗೆ.

"ಹೆಂಗಸರಿಗೆ ಸರ್ಕಾರದಿಂದಲೇ ಪುಕ್ಕಟೆ ವಕೀಲರು ಸಿಗ್ತಾರೆ. ಬಡವರಾಗಿರಬೇಕು ಅಂತೇನೂ ಇಲ್ಲ, ಹೆಂಗಸಾಗಿದ್ದರೆ ಸಾಕು. ಕೋರ್ಟಿನ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಆಯ್ತು. ಅದನ್ನೇ ಅಲ್ವಾ ಅವತ್ತು ಮೀಟಿಂಗಲ್ಲಿ ಬಾಯಿ ಒಣಗೋ ಹಾಗೆ ಹೇಳಿದ್ದು ಸರಸಮ್ಮನೋರೇ?"

ನಾನು ಸೆರಗು ಸರಿಮಾಡಿಕೊಂಡೆ.

ಅದೇ ದಿನ ಹೊತ್ತಿರುವಾಗಲೇ ನಮ್ಮ ಸ್ಟೇಷನ್‌ಗೆ ಹೋದೆವು. ದೂರು ಬರೆದು ಕೊಟ್ಟೆವು. ಬಸ್ಸಿನಲ್ಲಿ ಹೋಗುವಾಗ ಕೆಹಕಶಾನ್ ರಾಧಾಮಣಿಗೆ ಹೇಳುತ್ತಲೇ ಇದ್ದಳು, "ನಡೆದದ್ದು ನಡೆದ ಹಾಗೆ ಹೇಳು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು. ಓದದೇ ಒಂದು ಕಾಗದಕ್ಕೂ ಸೈನ್ ಹಾಕಬೇಡ."

ಇನ್ಸ್‌ಪೆಕ್ಟರು ಸಾವಧಾನವಾಗಿಯೇ ಕೇಳಿದರು. ಆ ಸಿಮ್ಮಿನ ಅರ್ಜಿಯನ್ನೂ ಅದಕ್ಕೆ ಹಚ್ಚಿದ್ದ ಜೆರಾಕ್ಸನ್ನೂ ತರಿಸಿ, ಮಾರನೆಯ ದಿನ ಮನೆಗೇ ಬಂದು ರಾಧಾಮಣಿಯ ಮುಂದೆ ಇಟ್ಟರು.

"ಫೋಟೋ ನಿಂದೇನಮ್ಮ?"

"ಹೂಂ ಸಾರ್."

"ಜೆರಾಕ್ಸಿನ ಮೇಲಿರೋ ಸೈನು?"

ನಾನು ಬಗ್ಗಿ ನೋಡಿದೆ. ಅವಳದೇ ಸೈನು. ಆ 'ರಾ' ಅಕ್ಷರವನ್ನು ಅವಳು ಬರೆಯುವ ರೀತಿ ನನಗೆ ಗೊತ್ತು, ಸಂಘದಲ್ಲಿ ಎಷ್ಟು ಸಲ ನೋಡಿಲ್ಲ! ಅಲ್ಲ ಅಂತ ಹೇಳಿಬಿಡಲಿ ದೇವರೇ ಅಂದುಕೊಂಡೆ.

"ಸೈನೂ ನಂದೇ ಸಾರ್," ಅಂದಳು ರಾಧಾಮಣಿ. "ಆದ್ರೆ ಈ ಸಿಮ್ಮಿಗೆ ಹಾಕಿದ್ದಲ್ಲ. ಕೆಲಸಕ್ಕೆ ಅಂತ ಏಜೆನ್ಸಿಯೋರಿಗೆ ಹಾಕ್ಕೊಟ್ಟಿದ್ದು."

ಲೋಕೇಶ್ ಎದ್ದು ಹೊರಗೆ ಹೋದ. ಅವತ್ತಿಂದ ಅವನು ಹೆಂಡತಿಯ ಜೊತೆ ಮಾತು ಬಿಟ್ಟ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ರಾಧಾಮಣಿ ನೀರು ತರಲು ಹೋದರೆ ನಲ್ಲಿ ಹತ್ತಿರ ಮಾತು ನಿಲ್ಲುತ್ತಿತ್ತು. ಫ್ಯಾಕ್ಟರಿಯವರು ಸದ್ಯಕ್ಕೆ ಬರಬೇಡ ಅಂದರು. ಒಂದು ಸಂಜೆ ನನ್ನ ಮನೆ ಹಿತ್ತಲಲ್ಲಿ ನಿಂತು ಅವಳು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಅಕ್ಕಾ, ಜೈಲಿಗ್ ಹಾಕಿದ್ರೂ ತಡ್ಕತೀನಿ. ನಮ್ಮನೆಯೋರು ನನ್ ಮುಖ ನೋಡೋ ರೀತಿ ತಡ್ಕಳಕ್ಕಾಯ್ತಿಲ್ಲ." ಅವಳನ್ನು ಒಂಟಿಯಾಗಿ ಬಿಡಲು ನನಗೆ ಭಯವಾಯಿತು. ರಾತ್ರಿ ನನ್ನ ಮಗಳನ್ನು ಅವಳ ಜೊತೆ ಮಲಗಲು ಕಳಿಸಿದೆ.

ಕೆಹಕಶಾನ್ ಕೈಕಟ್ಟಿ ಕೂರಲಿಲ್ಲ. ದೂರಿನ ಎಫ್‌ಐಆರ್ ನಕಲು ಕೇಳಿ ಪಡೆದಳು, ಅದಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ. ಫೋನ್ ಕಂಪನಿಗೆ "ಈ ಸಿಮ್ಮು ನಾನು ತೆಗೆದುಕೊಂಡಿದ್ದಲ್ಲ, ಬಂದ್ ಮಾಡಿ, ನನ್ನ ಹೆಸರಲ್ಲಿ ಇನ್ನೆಷ್ಟು ನಂಬರ್ ಇವೆ ತಿಳಿಸಿ" ಅಂತ ಅರ್ಜಿ ಕೊಡಿಸಿ, ಇನ್ನೊಂದು ಪ್ರತಿಯ ಮೇಲೆ ಅವರ ಸೀಲು ಹಾಕಿಸಿಕೊಂಡಳು. ಏಜೆನ್ಸಿಯ ಹತ್ತಿರ ರಾಧಾಮಣಿಯ ಸಂಬಳದ ಅಕೌಂಟ್ ನಂಬರೂ ಇತ್ತಲ್ಲ. ಅದಕ್ಕೆ ಇಬ್ಬರೂ ಬ್ಯಾಂಕಿಗೂ ಹೋಗಿ ಬರೆದುಕೊಟ್ಟು, ಎಟಿಎಂ ಕಾರ್ಡಿನ ಗುಟ್ಟಿನ ನಂಬರು ಬದಲಾಯಿಸಿದರು.

ಪೊಲೀಸರು ಆ ಸಿಮ್ಮು ಹಾಕಿದ್ದ ಫೋನನ್ನು ಹುಡುಕಿದರು. ಕೆಹಕಶಾನ್ ಬಂದು ಹೇಳಿದಾಗ ನಾವು ಜಗುಲಿಯಲ್ಲಿ ಕೂತಿದ್ದೆವು. "ಅದೇ ಫೋನಿಗೆ ಬೇರೆ ಬೇರೆ ಸಿಮ್ ಹಾಕಿ ಮಾತಾಡಿದ್ದಾರೆ. ಎಲ್ಲಾ ಹೆಂಗಸರ ಹೆಸರಲ್ಲಿರೋ ಸಿಮ್ಮು. ಎಲ್ಲರೂ ಅದೇ ಏಜೆನ್ಸಿಗೆ ಕಾಗದ ಕೊಟ್ಟೋರು. ನಿಮ್ಮ ವ್ಯಾನಿನಲ್ಲೇ ಹೋಗೋರು ಇದ್ದಾರೆ."

ಲೋಕೇಶ್ ತೋಟದಿಂದ ಆಗ ತಾನೇ ಬಂದು ನಿಂತಿದ್ದ. ಕೇಳಿಸಿಕೊಂಡ. ತಲೆ ಮೇಲಿನ ಸೊಪ್ಪಿನ ಹೊರೆ ಹಾಗೇ ಜಾರಿ ಕೆಳಗೆ ಬಿತ್ತು. ಹೆಂಡತಿಯ ಹತ್ತಿರ ಹೋಗಿ, ನಮ್ಮೆಲ್ಲರ ಮುಂದೆ, "ತಪ್ಪಾಯ್ತು ಕಣೆ ರಾಧಾ" ಅಂದ. ಅವಳು ಬಗ್ಗಿ, ಬಿದ್ದ ಸೊಪ್ಪು ಎತ್ತಿಕೊಂಡು ಒಳಗೆ ಹೋದಳು.

ಸಿಕ್ಕಿಬಿದ್ದವನು ಫೋನ್ ಮಾಡಿ ಬೆದರಿಸುತ್ತಿದ್ದವನು. ಆ ಮಾಗಡಿ ಕಡೆಯ ಹುಡುಗಿಯನ್ನು ತನಗೆ ಕೊಡಲಿಲ್ಲ ಅನ್ನುವ ದ್ವೇಷ ಅವನಿಗೆ. ಪಾಪ, ಆ ಹುಡುಗಿ ಏನು ಮಾಡಿದ್ದಳು! ಅವನಿಗೆ ಸಿಮ್ಮು ಮಾರಿದವನು ಒಬ್ಬ ರೀಚಾರ್ಜ್ ಅಂಗಡಿಯವನು. ಅಂಗಡಿಯವನಿಗೆ ಕಾಗದ ಸಿಕ್ಕಿದ್ದು ಏಜೆನ್ಸಿಯ ಕಂಪ್ಯೂಟರಿನಿಂದ. ರಿಪೇರಿಗೆ ಅಂತ ಆ ಕಂಪ್ಯೂಟರನ್ನು ಹಾಗೇ ಹೊರಗೆ ಕೊಟ್ಟಿದ್ದರಂತೆ. ಬೀಗವಿಲ್ಲ, ಗುಟ್ಟಿನ ನಂಬರಿಲ್ಲ. ನಮ್ಮ ಹೆಣ್ಣುಮಕ್ಕಳ ಮುಖ, ಸೈನು, ಅಕೌಂಟು ಎಲ್ಲ ಯಾರು ಬೇಕಾದರೂ ನಕಲು ಮಾಡಿಕೊಳ್ಳುವ ಹಾಗೆ.

ಏಜೆನ್ಸಿಯವರನ್ನು ಕೇಳಲು ಹೋದಾಗ ಲೋಕೇಶನೇ ಮುಂದೆ ನಿಂತ. ಮ್ಯಾನೇಜರು ಕೈ ಆಡಿಸಿದ. "ನಮ್ದೇನ್ರೀ ತಪ್ಪು? ಕಳ್ಳತನ ಆಗೈತೆ, ನಾವೇನ್ ಮಾಡಾನ?"

ಕೆಹಕಶಾನ್ ದನಿ ಏರಿಸಲಿಲ್ಲ. "ಸ್ವಾಮೀ, ಹೋದ ಅಕ್ಟೋಬರಿನಿಂದ, ಅಂದ್ರೆ 2009ರಿಂದ, ಐಟಿ ಕಾಯ್ದೆಗೆ ಹೊಸ ಸೆಕ್ಷನ್‌ಗಳು ಬಂದಿವೆ. ಜನರ ಗುಟ್ಟಿನ ಮಾಹಿತಿ ಕಂಪ್ಯೂಟರಲ್ಲಿ ಇಟ್ಕೊಂಡಿರೋ ಕಂಪನಿ ಅದನ್ನ ಸರಿಯಾಗಿ ಕಾಯದೆ, ಅದರಿಂದ ಅವರಿಗೆ ನಷ್ಟ ಆದ್ರೆ, ಪರಿಹಾರ ಕೊಡಬೇಕು. ಅದನ್ನ ತೀರ್ಮಾನಿಸೋಕೆ ರಾಜ್ಯದಲ್ಲಿ ಒಬ್ಬ ಅಧಿಕಾರಿ ಇದ್ದಾರೆ, ಐಟಿ ಇಲಾಖೆಯ ಕಾರ್ಯದರ್ಶಿ. ಇನ್ನೊಬ್ಬರ ಗುರುತು ಕದ್ದು ಮೋಸ ಮಾಡಿದೋರಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು. ನಿಮ್ಮ ಮಾಹಿತಿ ಕಳುವಾಗಿದೆ ಅಂತ ಈ ಹೆಂಗಸರಿಗೆಲ್ಲ ನೀವೇ ಲೆಟರ್ ಬರೆದು ತಿಳಿಸ್ತೀರೋ, ನಾವು ಅರ್ಜಿ ಹಾಕೋದೋ?"

ಮ್ಯಾನೇಜರು ಕುರ್ಚಿ ಎಳೆದು ಕೊಟ್ಟ. ಆದರೆ ನಾವು ಆ ಅಧಿಕಾರಿಗೆ ಅರ್ಜಿ ಹಾಕಿಯೇಬಿಟ್ಟೆವು. ಅದು ಇನ್ನೂ ನಡೆಯುತ್ತಿದೆ. ಪರಿಹಾರ ಬಂದೇ ಬಿಡುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ, ನಷ್ಟ ಆದದ್ದನ್ನು ತೋರಿಸಬೇಕು, ಓಡಾಡಬೇಕು. ವ್ಯಾನಿನ ಬೇರೆ ಹೆಂಗಸರಿಗೆ ನೀವೂ ದೂರು ಕೊಡಿ ಅಂದರೆ, "ಮನೇಲಿ ಗಂಡಸ್ರು ಕೊಂದಾಕ್ಬುಡ್ತಾರೆ" ಅಂದರು. ನಾನು ಬೈದೆ. ಅವರಿಗಿಂತ ಹೆಚ್ಚು ಅವರ ಗಂಡಂದಿರನ್ನು ಬೈದೆ. ಲೋಕೇಶ್ ಆ ಮನೆಗಳಿಗೆ ತಾನೇ ಹೋಗಿ, "ನಾನ್ ಮಾಡಿದ್ ತಪ್ಪು ನೀವ್ ಮಾಡ್ಬ್ಯಾಡಿ ಕಣ್ರಲಾ" ಅಂದ. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮೊನ್ನೆ ಭಾನುವಾರ ಅವರ ಮನೆಯಲ್ಲಿ ಕೂತಿದ್ದೆ. ಲೋಕೇಶನ ಫೋನು ಬಡಿದುಕೊಂಡಿತು. ಯಾರೋ ಗಂಡಸು. ದನಿ ನನಗೂ ಕೇಳುತ್ತಿತ್ತು.

"ರಾಧಾಮಣಿಯವರ ಮನೆಯಾ? ಬ್ಯಾಂಕಿಂದ ಮಾತಾಡ್ತಿರೋದು. ನೀವು ಲೋಕೇಶ್ ಅಲ್ವಾ, ಅವರ ಯಜಮಾನರು? ಹೊಂಗನೂರು. ಅವರದು ಹುಟ್ಟಿದ ತಾರೀಖು..." ಅಂತ ತಾರೀಖು ಹೇಳಿದ. ಅಕೌಂಟ್ ನಂಬರು ಹೇಳಿದ. ಎಲ್ಲವೂ ಸರಿ. "ಅವರ ಎಟಿಎಂ ಬಂದ್ ಆಗ್ತಾ ಇದೆ. ಅದರ ಗುಟ್ಟಿನ ನಂಬರು ಒಸಿ ಹೇಳ್ಬುಡಿ."

ವರಲಕ್ಷ್ಮಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಕಂಬ ಹಿಡಿದುಕೊಂಡಳು. ಲೋಕೇಶ್ ಫೋನಿನ ಮೇಲೆ ಅಂಗೈ ಮುಚ್ಚಿ ಹೆಂಡತಿಯ ಕೈಗೆ ಕೊಟ್ಟ. "ನೀನೇ ಮಾತಾಡು. ನಾನು ಇಲ್ಲೇ ಇವ್ನಿ."

ರಾಧಾಮಣಿ ಫೋನು ಕಿವಿಗಿಟ್ಟಳು. "ಬ್ಯಾಂಕಿನೋರು ಗುಟ್ಟಿನ ನಂಬರ್ ಕೇಳಕ್ಕಿಲ್ಲ. ನಿನ್ ನಂಬರ್ ಬರ್ಕಂಡಿದ್ದೀನಿ. ಪೊಲೀಸ್‌ಗೂ ಕೊಡ್ತೀನಿ, ಬ್ಯಾಂಕಿಗೂ ಕೊಡ್ತೀನಿ."

ಆ ಕಡೆಯವನು ನಕ್ಕ, ಫೋನಿಟ್ಟ. ಬೆದರಿಸಿದವನು ಜೈಲಿನಲ್ಲಿದ್ದ, ಸಿಮ್ಮು ಮಾರಿದವನ ಅಂಗಡಿಗೆ ಬೀಗ ಬಿದ್ದಿತ್ತು. ಹಾಗಾದರೆ ಈ ದನಿ ಯಾರದು?

ಅಕ್ಕಂದಿರೇ, ಒಂದು ಸಲ ಕೈ ಬಿಟ್ಟು ಹೋದ ಮಾಹಿತಿ ವಾಪಸ್ ಬರುವುದಿಲ್ಲ, ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ಅದಕ್ಕೇ ನಿಮ್ಮ ಹತ್ತಿರ ಇಷ್ಟು ಕೇಳುತ್ತೇನೆ. ಜೆರಾಕ್ಸ್ ಕೊಡುವಾಗ ಅದರ ಮೇಲೆಯೇ ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖು ಅಂತ ಅಡ್ಡಲಾಗಿ ಬರೆದು ಸೈನ್ ಹಾಕಿ. ಒಂದು ಕೇಳಿದರೆ ಒಂದೇ ಕೊಡಿ. ಗುಟ್ಟಿನ ನಂಬರು ಗಂಡ ಕೇಳಿದರೂ ಯೋಚಿಸಿ, ಫೋನಿನಲ್ಲಿ ಕೇಳಿದರೆ ಯೋಚಿಸುವುದೂ ಬೇಡ, ಇಟ್ಟುಬಿಡಿ. ನಿಮ್ಮ ಹೆಸರು ಕೆಟ್ಟ ಕೆಲಸಕ್ಕೆ ಬಳಕೆಯಾಗಿದೆ ಅಂತ ಗೊತ್ತಾದರೆ ಓಡಬೇಡಿ, ಲಂಚ ಕೊಡಬೇಡಿ, ಅದೇ ದಿನ ದೂರು ಕೊಡಿ. ಸ್ಟೇಷನ್ನಿನಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲೆಯ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ದಾರಿ ತಿಳಿಯದಿದ್ದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿಯವರಾದರೂ ನಿಮ್ಮ ತಾಲ್ಲೂಕು ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ.

ಮತ್ತೆ ಗಂಡಸರೇ, ನಿಮ್ಮ ಮನೆಯ ಹೆಣ್ಣುಮಗಳ ಹೆಸರು ಹಿಡಿದು ಪೊಲೀಸರು ಬಂದರೆ, 'ಯಾರದು ಆ ಗಂಡಸು' ಅಂತ ಅವಳನ್ನು ಕೇಳುವ ಮೊದಲು, ಅವಳ ಕಾಗದ ಯಾರ ಕೈಗೆ ಹೋಗಿದೆ ಅಂತ ಕೇಳಿ. ರಾಧಾಮಣಿ ಉಳಿದಳು. ಎಲ್ಲರ ಮನೆ ಪಕ್ಕದಲ್ಲೂ ಜೋರುಬಾಯಿಯ ಸರಸಮ್ಮ ಇರುವುದಿಲ್ಲ.